ಮಂಡಲದ ವಿಷವೂ ಹತ್ತನೆಯ ಫ್ಯಾಕ್ಟರೂ

ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹೇಮಾವತಿಯ ನೀರು ನಾಲೆಗೆ ಹರಿದ ಮೇಲೆ ಹಾಸನ ಜಿಲ್ಲೆಯ ಬಯಲು ತಾಲ್ಲೂಕುಗಳ ಬೇಸಾಯವೇ ಬೇರೆಯಾಯಿತು. ಹೊಳೆನರಸೀಪುರದ ಸುತ್ತ ಗದ್ದೆ ಹೆಚ್ಚಿತು. ಅರಕಲಗೂಡಿನ ಕೊಣನೂರು, ರಾಮನಾಥಪುರದ ಕಡೆ ಹೊಗೆಸೊಪ್ಪು, ಶುಂಠಿ, ರಾಗಿ. ಚನ್ನರಾಯಪಟ್ಟಣದಲ್ಲಿ ತೆಂಗಿನ ತೋಟ, ತೋಟದ ಮೂಲೆಯಲ್ಲಿ ಆಳೆತ್ತರದ ಸಿಪ್ಪೆಯ ರಾಶಿ. ನೀರು ಬಂದ ಕಡೆ ಕಾಳು, ಕಾಳಿದ್ದ ಕಡೆ ಇಲಿ, ಇಲಿ ಇದ್ದ ಕಡೆ ಹಾವು. ಅದರಲ್ಲೂ ಕೊಳಕುಮಂಡಲ. ಬದುವಿನ ಹುಲ್ಲಿನಲ್ಲಿ, ಮೆದೆಯ ಬುಡದಲ್ಲಿ, ಒಣಗರಿಯ ಕೆಳಗೆ ಅದು ಸುರುಳಿ ಸುತ್ತಿ ಮಲಗಿದರೆ ಬೆಳಕಿನಲ್ಲೂ ಕಣ್ಣಿಗೆ ಬೀಳುವುದಿಲ್ಲ. ನಾಗರಹಾವಿನಂತೆ ಹೆಡೆ ಎತ್ತಿ ಎಚ್ಚರಿಸುವ ಪದ್ಧತಿ ಅದಕ್ಕಿಲ್ಲ. ಬುಸುಗುಡುತ್ತದೆ, ಹತ್ತಿರ ಹೋದರೆ ಹೊಡೆಯುತ್ತದೆ.

ಆ ಹಾವಿನ ವಿಷದಲ್ಲಿರುವ ಒಂದು ಪ್ರೋಟೀನು, ನಮ್ಮ ರಕ್ತದಲ್ಲಿರುವ ಇನ್ನೊಂದು ಪ್ರೋಟೀನು, ಇವೆರಡರ ಭೇಟಿಯ ಚರಿತ್ರೆ ಇದು. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದ ಈ ಕಥೆ ವಿಶಾಖಪಟ್ಟಣ, ಬೊಂಬಾಯಿ, ಲಂಡನ್, ಆಕ್ಸ್‌ಫರ್ಡ್, ಒಸಾಕಾ ಎಂದು ಲೋಕವೆಲ್ಲ ಸುತ್ತಿದೆ. ಆದರೆ ಅದರ ಬೆಲೆ ತೆತ್ತವರು, ಇವತ್ತಿಗೂ ತೆರುತ್ತಿರುವವರು ಕುಡುಗೋಲು ಹಿಡಿದು ಗದ್ದೆಗೆ ಇಳಿಯುವ ನಮ್ಮ ಜನ. ಅದಕ್ಕೇ ಇದನ್ನು ಹಾಸನದ ನೆಲದಲ್ಲಿ ನಿಂತು ಹೇಳಬೇಕು ಅನ್ನಿಸುತ್ತದೆ.

ಯಾವುದೇ ತಾಲ್ಲೂಕು ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಸುಗ್ಗಿಯ ಕಾಲದ ಸಂಜೆ ನಡೆಯುವುದು ಹೆಚ್ಚುಕಡಿಮೆ ಹೀಗೆ. ಬೈಕಿನ ನಡುವೆ ಕೂರಿಸಿಕೊಂಡು ಯಾರನ್ನೋ ತರುತ್ತಾರೆ. ಪಾದದಿಂದ ಮೊಣಕಾಲಿನವರೆಗೆ ಊದಿರುತ್ತದೆ.

"ಎಷ್ಟ್ ಹೊತ್ತಿಗೆ ಕಡೀತಪ್ಪ?"

"ದೀಪ ಹಚ್ಚೋ ಹೊತ್ತು ಸಿಸ್ಟರ್. ನಮ್ಮಪ್ಪ ಮೆದೆಯಿಂದ ಹುಲ್ಲು ಹಿರೀತಿದ್ರು, ಹುಳ ಮುಟ್ತು."

ಸಿಸ್ಟರ್ ರಕ್ತನಾಳದಿಂದ 2 ಮಿಲಿಲೀಟರ್ ರಕ್ತ ಎಳೆದು ಒಂದು ಗಾಜಿನ ನಳಿಕೆಗೆ ಬಿಡುತ್ತಾರೆ. ಗೋಡೆ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುತ್ತಾರೆ. 20 ನಿಮಿಷ ಆ ನಳಿಕೆಯನ್ನು ಯಾರೂ ಮುಟ್ಟುವಂತಿಲ್ಲ, ಅಲ್ಲಾಡಿಸುವಂತಿಲ್ಲ. ಆಮೇಲೆ ಮೆಲ್ಲಗೆ ವಾಲಿಸುತ್ತಾರೆ. ಹೆಪ್ಪು ನಿಂತಿದ್ದರೆ ಸದ್ಯಕ್ಕೆ ಉಸಿರು ಬಿಡಬಹುದು. ರಕ್ತ ನೀರಿನಂತೆ ಹರಿದರೆ ಕಡಿದದ್ದು ಮಂಡಲದ ಜಾತಿಯ ಹಾವೆಂದೇ ಲೆಕ್ಕ. ಒಡನೆ ವಿಷ ನಿರೋಧಕ ಚುಚ್ಚುಮದ್ದು ಹತ್ತಿಸಬೇಕು. ನಳಿಕೆ ಗಾಜಿನದೇ ಆಗಬೇಕು, ಏಕೆಂದರೆ ಗಾಜಿನ ಮೈ ತಾಗಿದಾಗಲೇ ರಕ್ತ ಹೆಪ್ಪುಗಟ್ಟುವ ಕ್ರಿಯೆ ಸರಿಯಾಗಿ ಶುರುವಾಗುವುದು. ಪ್ಲಾಸ್ಟಿಕ್ ಆಗದು. ಸಾಬೂನು ಪುಡಿಯಲ್ಲಿ ತೊಳೆದ ಗಾಜೂ ಆಗದು, ಅದರ ಪಸೆ ಹೆಪ್ಪನ್ನು ಕೆಡಿಸುತ್ತದೆ. ಒಂದು ಜೀವದ ತೀರ್ಮಾನ ಹೊಸ, ಒಣ ಗಾಜಿನ ನಳಿಕೆಯ ಮೇಲೆ ನಿಂತಿರುವ ಈ ಸರಳ ಪರೀಕ್ಷೆಯ ಹಿಂದೆ ಎಷ್ಟು ಜನರ ದುಡಿಮೆ ಇದೆ ಎಂದು ಯೋಚಿಸಿದರೆ ಮನಸ್ಸು ತುಂಬಿ ಬರುತ್ತದೆ.

ಮೊದಲ ಹೆಸರು ಪ್ಯಾಟ್ರಿಕ್ ರಸೆಲ್ ಅವರದು. ಈ ಸ್ಕಾಟಿಷ್ ವೈದ್ಯರು ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗ ವಿಜ್ಞಾನಿಯಾಗಿ ವಿಶಾಖಪಟ್ಟಣದ ಕಡೆ ಕೆಲಸ ಮಾಡಿದವರು. ಕೋರಮಂಡಲ ತೀರದಲ್ಲಿ ಸಿಕ್ಕ ಹಾವುಗಳ ಬಗ್ಗೆ ಅವರು ಬರೆದ ಚಿತ್ರಸಹಿತ ಗ್ರಂಥ 1796ರಲ್ಲಿ ಹೊರಬಂತು. ಮರುವರ್ಷ ಪ್ರಾಣಿಶಾಸ್ತ್ರಜ್ಞರು ಕೊಳಕುಮಂಡಲಕ್ಕೆ ಅವರ ಹೆಸರನ್ನೇ ಇಟ್ಟರು. ಅಲ್ಲಿಂದ ಲೋಕಕ್ಕೆಲ್ಲ ಅದು ರಸೆಲ್ಸ್ ವೈಪರ್.

ಸುಮಾರು ನೂರು ವರ್ಷ ಕಳೆದ ಮೇಲೆ ಬೊಂಬಾಯಿಯ ಪ್ಲೇಗ್ ಸಂಶೋಧನಾ ಪ್ರಯೋಗಾಲಯದಲ್ಲಿ, ಅಂದರೆ ಮುಂದೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಆದ ಸಂಸ್ಥೆಯಲ್ಲಿ, ಜಾರ್ಜ್ ಲ್ಯಾಂಬ್ ಎಂಬ ವೈದ್ಯಾಧಿಕಾರಿ ಈ ವಿಷವನ್ನು ಕೈಗೆತ್ತಿಕೊಂಡರು. 1900ರ ಆಸುಪಾಸಿನ ಮಾತು. ವಿಷ ಪ್ರಾಣಿಯ ರಕ್ತಕ್ಕೆ ಒಮ್ಮೆಲೇ ಹೆಚ್ಚಾಗಿ ಸೇರಿದರೆ ನಾಳದೊಳಗೇ ರಕ್ತ ಗಡ್ಡೆಕಟ್ಟಿ ಪ್ರಾಣಿ ಸಾಯುತ್ತದೆ. ಸ್ವಲ್ಪಸ್ವಲ್ಪವೇ ಸೇರಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಒಂದೇ ವಿಷ, ಎರಡು ವಿರುದ್ಧ ಫಲ. ಆಸ್ಟ್ರೇಲಿಯಾದ ಹಾವುಗಳಲ್ಲಿ ಸಿ. ಜೆ. ಮಾರ್ಟಿನ್ 1890ರ ದಶಕದಲ್ಲಿ ಇಂಥದ್ದನ್ನೇ ಕಂಡಿದ್ದರು. ಲ್ಯಾಂಬ್ ಇನ್ನೊಂದು ಮುಖ್ಯ ಸಂಗತಿಯನ್ನೂ ತೋರಿಸಿದರು: ನಾಗರಹಾವಿನ ವಿಷಕ್ಕೆಂದು ತಯಾರಿಸಿದ ಔಷಧಿ ಮಂಡಲದ ವಿಷವನ್ನು ತಡೆಯುವುದಿಲ್ಲ. ಆಯಾ ವಿಷಕ್ಕೆ ಆಯಾ ವಿಷದಿಂದಲೇ ಮದ್ದು ತಯಾರಾಗಬೇಕು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಥೆ ನಿಜವಾಗಿ ತಿರುಗಿದ್ದು 1934ರಲ್ಲಿ, ಲಂಡನ್ನಿನಲ್ಲಿ. ಅಲ್ಲಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ಯುವ ವೈದ್ಯ ರಾಬರ್ಟ್ ಗ್ವಿನ್ ಮ್ಯಾಕ್‌ಫರ್ಲೇನ್ ಅವರನ್ನು ಕಾಡುತ್ತಿದ್ದ ಪ್ರಶ್ನೆ ಹಿಮೋಫಿಲಿಯಾ ರೋಗ. ಕನ್ನಡದಲ್ಲಿ ಕುಸುಮರೋಗ ಅನ್ನುತ್ತೇವೆ. ಆ ರೋಗದ ಮಕ್ಕಳಿಗೆ ಒಂದು ಹಲ್ಲು ಕೀಳಿಸುವುದೂ ಜೀವಕ್ಕೆ ಅಪಾಯ, ಏಕೆಂದರೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ಲಂಡನ್ ಮೃಗಾಲಯದಲ್ಲಿ ಸರೀಸೃಪಗಳನ್ನು ನೋಡಿಕೊಳ್ಳುತ್ತಿದ್ದ ಬರ್ಜೆಸ್ ಬಾರ್ನೆಟ್ ಅವರ ಜೊತೆ ಸೇರಿ ಮ್ಯಾಕ್‌ಫರ್ಲೇನ್ ಹಲವು ಹಾವುಗಳ ವಿಷವನ್ನು ಒಂದೊಂದಾಗಿ ಹಿಮೋಫಿಲಿಯಾ ರೋಗಿಗಳ ರಕ್ತಕ್ಕೆ ಬೆರೆಸಿ ನೋಡಿದರು. ಗೆದ್ದದ್ದು ನಮ್ಮ ಕೊಳಕುಮಂಡಲ. ಹತ್ತು ಸಾವಿರ ಪಾಲು ದ್ರವದಲ್ಲಿ ಒಂದು ಪಾಲಿನಷ್ಟು ತೆಳುವಾಗಿಸಿದರೂ ಅದು ಹೆಪ್ಪುಗಟ್ಟದ ರಕ್ತವನ್ನು ಕೆಲವೇ ಸೆಕೆಂಡುಗಳಲ್ಲಿ ಹೆಪ್ಪುಗಟ್ಟಿಸಿತು. ಆ ವಿಷದ ನೀರಿನಲ್ಲಿ ಹತ್ತಿ ಅದ್ದಿ ಹಲ್ಲು ಕಿತ್ತ ಸಂದಿಗೆ ಒತ್ತಿದರು. ರಕ್ತ ನಿಂತಿತು. ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನ ಬಂತು. ಬರೋಸ್ ವೆಲ್‌ಕಮ್ ಕಂಪನಿ ಸ್ಟಿಪ್‌ವೆನ್ ಎಂಬ ಹೆಸರಿನಲ್ಲಿ ಆ ವಿಷವನ್ನು ಔಷಧಿಯಾಗಿ ಮಾರಾಟಕ್ಕೆ ತಂದಿತು.

ಗದ್ದೆಯಲ್ಲಿ ಕಡಿದರೆ ವಸಡಿನಿಂದ, ಮೂತ್ರದಲ್ಲಿ ರಕ್ತ ಸುರಿಸುವ ವಿಷ ಅಲ್ಲಿ ರಕ್ತ ನಿಲ್ಲಿಸುವ ಮದ್ದಾಯಿತು. ಇದು ಹೇಗೆ ಸಾಧ್ಯ? ಈ ಪ್ರಶ್ನೆಯ ಬೆನ್ನು ಹತ್ತಿಯೇ ರಕ್ತ ಹೆಪ್ಪುಗಟ್ಟುವ ವಿಜ್ಞಾನ ಮುಂದೆ ಎಷ್ಟೋ ದೂರ ನಡೆಯಿತು.

1956ರಲ್ಲಿ ಇಂಗ್ಲೆಂಡಿನಲ್ಲಿ ಪ್ರೋವರ್ ಎಂಬ ಹೆಣ್ಣುಮಗಳು, 1957ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಸ್ಟುವರ್ಟ್ ಎಂಬ ರೋಗಿ: ಇಬ್ಬರದೂ ರಕ್ತಸ್ರಾವದ ವಿಚಿತ್ರ ಕಾಯಿಲೆ. ಹಿಮೋಫಿಲಿಯಾದವರ ರಕ್ತವನ್ನೂ ಕ್ಷಣದಲ್ಲಿ ಹೆಪ್ಪುಗಟ್ಟಿಸುವ ಮಂಡಲದ ವಿಷ ಇಂಥವರ ರಕ್ತದ ಮುಂದೆ ಸೋಲುತ್ತಿತ್ತು. ಹಾಗಾದರೆ ವಿಷ ಯಾವುದರ ಮೇಲೆ ಕೆಲಸ ಮಾಡುತ್ತದೋ ಆ ವಸ್ತುವೇ ಇವರಲ್ಲಿ ಕಡಿಮೆ ಎಂದಾಯಿತು. ಆ ಪ್ರೋಟೀನಿಗೆ ಮೊದಲು ಇಬ್ಬರು ರೋಗಿಗಳ ಹೆಸರನ್ನೇ ಸೇರಿಸಿ ಸ್ಟುವರ್ಟ್-ಪ್ರೋವರ್ ಎಂದು ಕರೆದರು. ಅಂತರರಾಷ್ಟ್ರೀಯ ಸಮಿತಿ ರೋಮನ್ ಅಂಕಿಗಳನ್ನು ಹಂಚಿದಾಗ ಅದು ಹತ್ತನೆಯ ಫ್ಯಾಕ್ಟರ್ ಆಯಿತು. ಅಷ್ಟರಲ್ಲಿ ಆಕ್ಸ್‌ಫರ್ಡ್ ಸೇರಿದ್ದ ಮ್ಯಾಕ್‌ಫರ್ಲೇನ್ ಹೆಪ್ಪುಗಟ್ಟುವ ಕ್ರಿಯೆಯ ಪೂರ್ತಿ ಸರಪಳಿಯನ್ನು 1964ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಪ್ರೋಟೀನು ಮುಂದಿನದನ್ನು ಎಬ್ಬಿಸುತ್ತದೆ, ಅದು ಅದರ ಮುಂದಿನದನ್ನು. ಅದೇ ವರ್ಷ ಅಮೆರಿಕದ ಡೇವಿ ಮತ್ತು ರ‍್ಯಾಟ್ನಾಫ್ ಕೂಡ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ಗಾಯದ ಕಡೆಯಿಂದ ಬರುವ ದಾರಿ, ರಕ್ತದೊಳಗಿನಿಂದಲೇ ಬರುವ ದಾರಿ ಎರಡೂ ಕೂಡುವ ಜಾಗವೇ ಹತ್ತನೆಯ ಫ್ಯಾಕ್ಟರ್. ಹಿಮೋಫಿಲಿಯಾದಲ್ಲಿ ಕೊರತೆ ಇರುವುದು ಎಂಟನೆಯ ಅಥವಾ ಒಂಬತ್ತನೆಯ ಫ್ಯಾಕ್ಟರಿನದು. ಹಾವಿನ ವಿಷ ಅವೆರಡನ್ನೂ ಹಾರಿ ನೇರವಾಗಿ ಹತ್ತನೆಯದನ್ನು ಎಬ್ಬಿಸುತ್ತದೆ. 1934ರ ಪವಾಡದ ಗುಟ್ಟು ಅಷ್ಟೇ.

ಈಗ ಆ ಅಣುವನ್ನೇ ಹತ್ತಿರದಿಂದ ನೋಡೋಣ. ಹತ್ತನೆಯ ಫ್ಯಾಕ್ಟರ್ ತಯಾರಾಗುವುದು ಯಕೃತ್ತಿನಲ್ಲಿ. ಒಂದು ಲೀಟರ್ ಪ್ಲಾಸ್ಮಾದಲ್ಲಿ ಅದು ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ಎರಡು ಸರಪಳಿಗಳ ಪ್ರೋಟೀನು. ಚಿಕ್ಕದರಲ್ಲಿ 139 ಅಮೈನೋ ಆಮ್ಲ, ದೊಡ್ಡದರಲ್ಲಿ 306. ಚಿಕ್ಕ ಸರಪಳಿಯ ಒಂದು ತುದಿಯಲ್ಲಿ ವಿಟಮಿನ್ ಕೆ ನೆರವಿನಿಂದ ರೂಪುಗೊಂಡ 11 ವಿಶೇಷ ಅಮೈನೋ ಆಮ್ಲಗಳಿವೆ. ಅವು ಕ್ಯಾಲ್ಸಿಯಂ ಹಿಡಿದುಕೊಂಡು, ಪೆಟ್ಟಾದ ಜಾಗದ ಜೀವಕೋಶದ ಮೈಗೆ ಅಂಟಿಕೊಳ್ಳುತ್ತವೆ. ಕತ್ತರಿಸುವ ಶಕ್ತಿ ಇರುವುದು ದೊಡ್ಡ ಸರಪಳಿಯಲ್ಲಿ, ಆದರೆ ನಿದ್ದೆಯಲ್ಲಿದೆ. ದೊಡ್ಡ ಸರಪಳಿಯ ಆರಂಭದ 52 ಅಮೈನೋ ಆಮ್ಲಗಳ ತುಂಡು ಕಳಚಿ ಬಿದ್ದಾಗ ಮಾತ್ರ ಆ ಶಕ್ತಿ ಎಚ್ಚರಗೊಂಡು ಪ್ರೋಥ್ರಾಂಬಿನ್ ಅನ್ನು ಕತ್ತರಿಸಿ ಥ್ರಾಂಬಿನ್ ಮಾಡುತ್ತದೆ. ಥ್ರಾಂಬಿನ್ ಫೈಬ್ರಿನೋಜನ್ನಿನಿಂದ ಚಿಕ್ಕ ಚೂರುಗಳನ್ನು ಕಿತ್ತು ಅದನ್ನು ಫೈಬ್ರಿನ್ ಎಳೆಯಾಗಿಸುತ್ತದೆ. ಎಳೆಗೆ ಎಳೆ ಸೇರಿದ್ದೇ ಹೆಪ್ಪು.

ಎಚ್ಚೆತ್ತ ಹತ್ತನೆಯ ಫ್ಯಾಕ್ಟರಿನ ಮೂರು ಆಯಾಮದ ರೂಪವನ್ನು ಅಮೆರಿಕದಲ್ಲಿದ್ದ ಪದ್ಮನಾಭನ್, ಟುಲಿನ್ಸ್ಕಿ ಮತ್ತು ಅವರ ಸಂಗಡಿಗರು 1993ರಲ್ಲಿ ಎಕ್ಸ್-ರೇ ಹರಳುಶಾಸ್ತ್ರದಿಂದ ಬಿಡಿಸಿದರು. ವಿಷದ ಪ್ರೋಟೀನಿನ ರೂಪ ಸಿಕ್ಕಿದ್ದು ಇನ್ನೂ ತಡವಾಗಿ, 2007ರಲ್ಲಿ. ಒಸಾಕಾದ ಸೊಇಚಿ ತಕೇಡಾ ಅವರ ತಂಡದಿಂದ. ಸುಮಾರು 93,000 ಡಾಲ್ಟನ್ ತೂಕದ ಆ ಅಣುವಿನ ಆಕಾರಕ್ಕೆ ವಿಜ್ಞಾನಿಗಳು ಕೊಟ್ಟ ವರ್ಣನೆ ಕೊಕ್ಕೆಯ ಪಾನಾ, ಅಂದರೆ ಸ್ಪ್ಯಾನರ್. ಹಿಡಿಯ ಒಂದು ತುದಿಯಲ್ಲಿ ಎರಡು ಚಿಕ್ಕ ಸರಪಳಿಗಳು ಕೂಡಿ ಒಂದು ತಗ್ಗು ಮಾಡಿಕೊಂಡಿವೆ. ಹತ್ತನೆಯ ಫ್ಯಾಕ್ಟರಿನ ಕ್ಯಾಲ್ಸಿಯಂ ಹಿಡಿದ ತುದಿ ಬಂದು ಕೂರುವುದು ಅಲ್ಲಿಗೇ ಎಂದು ಅವರು ಗುರುತಿಸಿದರು. ಇನ್ನೊಂದು ತುದಿಯಲ್ಲಿ ಒಂದು ಸತುವಿನ ಅಯಾನು ಕೂತಿದೆ. ಕತ್ತರಿಸುವ ಕೆಲಸ ಅದರದು. ಹಿಡಿಯುವ ಜಾಗಕ್ಕೂ ಕತ್ತರಿಸುವ ಜಾಗಕ್ಕೂ ನಡುವೆ ಸುಮಾರು 6.5 ನ್ಯಾನೋಮೀಟರ್ ಅಂತರ. ಹತ್ತನೆಯ ಫ್ಯಾಕ್ಟರಿನ ಬಾಲ ಹಿಡಿದರೆ ಅದರ ಸೀಳುವ ಕೊಂಡಿ ಸರಿಯಾಗಿ ಸತುವಿನ ಎದುರಿಗೆ ಬರುವಷ್ಟು ಲೆಕ್ಕಾಚಾರದ ಅಂತರ ಅದು. ಗಾಯ ಬೇಡ, ಪೆಟ್ಟು ಬೇಡ, ನಮ್ಮ ದೇಹದ ಯಾವ ಅಪ್ಪಣೆಯೂ ಬೇಡ. ಈ ವಿವರವನ್ನು ಮೊದಲು ಓದಿದಾಗ ನನಗೆ ಬೆರಗಿನ ಜೊತೆಗೆ ಭಯವೂ ಆಯಿತು.

ಇಂಥ ಪ್ರತಿಯೊಂದು ಪ್ರೋಟೀನಿನ ರೂಪವೂ ಪ್ರಕಟವಾಗುವ ಮೊದಲು ಒಂದು ಪರೀಕ್ಷೆ ಪಾಸಾಗಬೇಕು: ರಾಮಚಂದ್ರನ್ ನಕ್ಷೆ. ಸರಪಳಿಯ ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ ಎಂದು ಹೇಳುವ ಆ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್, ಶಶಿಶೇಖರನ್, ರಾಮಕೃಷ್ಣನ್ ಅವರು 1963ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಆಣ್ವಿಕ ಜೀವಭೌತ ವಿಜ್ಞಾನದ ವಿಭಾಗ ಕಟ್ಟಿದರು. ಹಾವೂ ನಮ್ಮದು, ಅದರ ವಿಷದ ರೂಪ ಅಳೆಯುವ ಅಳತೆಗೋಲೂ ನಮ್ಮ ನಾಡಿನವರದೇ.

ಇಷ್ಟಾದ ಮೇಲೆ ಮೊದಲ ಪ್ರಶ್ನೆಗೆ ಬರಬಹುದು. ಹೆಪ್ಪುಗಟ್ಟಿಸುವ ವಿಷ ಕಡಿದವರ ರಕ್ತವನ್ನು ಏಕೆ ಹರಿಯಬಿಡುತ್ತದೆ? ಆರೋಗ್ಯವಂತರ ಪ್ಲಾಸ್ಮಾದಲ್ಲಿ ಲೀಟರಿಗೆ 2ರಿಂದ 4 ಗ್ರಾಂ ಫೈಬ್ರಿನೋಜನ್ ಇರುತ್ತದೆ. ವಿಷ ಮೈಯೆಲ್ಲ ಹರಡಿ ಹತ್ತನೆಯ ಫ್ಯಾಕ್ಟರನ್ನು ಎಲ್ಲೆಂದರಲ್ಲಿ ಎಬ್ಬಿಸಿದಾಗ ಬೇಕಿಲ್ಲದ ಕಡೆಯೆಲ್ಲ ಕಣ್ಣಿಗೆ ಕಾಣದ ಹೆಪ್ಪು ಕಟ್ಟುತ್ತದೆ, ದೇಹ ಅದನ್ನು ಕರಗಿಸುತ್ತದೆ, ಮತ್ತೆ ಕಟ್ಟುತ್ತದೆ. ಕೆಲವೇ ಗಂಟೆಗಳಲ್ಲಿ ಫೈಬ್ರಿನೋಜನ್ ಖಾಲಿ. ಮೇಲಿನ ತೂಬುಗಳನ್ನೆಲ್ಲ ಒಮ್ಮೆಗೇ ತೆರೆದರೆ ನಾಲೆಯ ಕೊನೆಯ ಗದ್ದೆಗೆ ಹನಿ ನೀರೂ ಸಿಗದಿರುವ ಹಾಗೆ, ನಿಜವಾಗಿ ಗಾಯವಾದ ಜಾಗಕ್ಕೆ ಹೆಪ್ಪುಗಟ್ಟಲು ಏನೂ ಉಳಿದಿರುವುದಿಲ್ಲ. ಲ್ಯಾಂಬ್ ಬೊಂಬಾಯಿಯಲ್ಲಿ ಕಂಡ ಎರಡನೆಯ ಫಲ ಇದೇ. ವಿಷದಲ್ಲಿ ಇನ್ನೂ ಹಲವು ಪ್ರೋಟೀನುಗಳಿವೆ. ರಕ್ತನಾಳದ ಗೋಡೆಯನ್ನು ಸಡಿಲಿಸುವವು, ಮಾಂಸ ಕೊಳೆಸುವವು, ಮೂತ್ರಪಿಂಡ ಕೆಡಿಸುವವು. ಎಲ್ಲ ಸೇರಿ ಮನುಷ್ಯನನ್ನು ಮುಗಿಸುತ್ತವೆ.

ಚಿಕಿತ್ಸೆಯ ನಿಯಮಗಳ ಅರ್ಥವೂ ಇಲ್ಲೇ ಇದೆ. ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ಯಬಾರದು ಎನ್ನುವುದು ಏಕೆಂದರೆ ಹೆಪ್ಪುಗಟ್ಟದ ರಕ್ತ ಆ ಕೊಯ್ತದಿಂದ ನಿಲ್ಲದೆ ಹರಿಯುತ್ತದೆ. ಮದ್ದು ಕೊಟ್ಟ ಮೇಲೆ ನಳಿಕೆಯ ಪರೀಕ್ಷೆಯನ್ನು 6 ಗಂಟೆ ಬಿಟ್ಟು ಮತ್ತೆ ಮಾಡುತ್ತಾರೆ, ಏಕೆಂದರೆ ಖಾಲಿಯಾದ ಫೈಬ್ರಿನೋಜನ್ನನ್ನು ಯಕೃತ್ತು ಮತ್ತೆ ತಯಾರಿಸಲು ಸುಮಾರು ಅಷ್ಟು ಹೊತ್ತು ಹಿಡಿಯುತ್ತದೆ. ಇನ್ನು ಲೆಕ್ಕ ನೋಡಿ. ಕೊಳಕುಮಂಡಲ ಒಂದು ಕಡಿತದಲ್ಲಿ ಬಿಡುವ ವಿಷ ಸರಾಸರಿ 63 ಮಿಲಿಗ್ರಾಂ. ನಮ್ಮ ದೇಶದ ವಿಷ ನಿರೋಧಕ ಔಷಧಿಯ 1 ಮಿಲಿಲೀಟರ್ ತಡೆಯುವುದು ಅದರಲ್ಲಿ 0.6 ಮಿಲಿಗ್ರಾಂ. 10 ಮಿಲಿಲೀಟರಿನ ಬಾಟಲಿಗಳು ಹತ್ತು ಬೇಕೆಂದು ವೈದ್ಯರು ಹೇಳುವುದು ಸುಮ್ಮನೆ ಅಲ್ಲ.

ಆದರೆ ಆ 0.6 ಮಿಲಿಗ್ರಾಂ ಯಾವ ಊರಿನ ಹಾವಿನದು? ನಮ್ಮ ಔಷಧಿಗೆ ಬಳಸುವ ವಿಷದ ಬಹುಪಾಲು ಬರುವುದು ತಮಿಳುನಾಡಿನ ಮಹಾಬಲಿಪುರದ ಬಳಿಯ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಆ ಸಂಘ ಲಕ್ಷಾಂತರ ಜೀವ ಉಳಿಸಲು ನೆರವಾಗಿದೆ, ಅದರ ಬಗ್ಗೆ ಗೌರವವಲ್ಲದೆ ಬೇರೆ ಮಾತಿಲ್ಲ. ಆದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಿ. ಪಿ. ಜಯಂತಿ ಮತ್ತು ಟಿ. ವೀರಬಸಪ್ಪ ಗೌಡ ಅವರು ದೇಶದ ಬೇರೆಬೇರೆ ಭಾಗದ ಕೊಳಕುಮಂಡಲಗಳ ವಿಷವನ್ನು ಹೋಲಿಸಿ, ಅದರ ಪ್ರೋಟೀನುಗಳೂ ಮಾರಕ ಶಕ್ತಿಯೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತವೆ ಎಂದು 1988ರಲ್ಲೇ ತೋರಿಸಿದ್ದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಈಚಿನ ವರ್ಷಗಳಲ್ಲಿ ಅದನ್ನು ಇನ್ನೂ ವಿವರವಾಗಿ ಸಾಬೀತು ಮಾಡಿದೆ; ಈಗಿನ ಔಷಧಿ ಕೆಲವು ಪ್ರದೇಶಗಳ ವಿಷದ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಲ್ಯಾಂಬ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೇಳಿದ ಮಾತಿನ ಮುಂದುವರಿಕೆಯೇ ಇದು. ಮೈಸೂರಿನಿಂದ ಮಾತು ಹೊರಟು ನಾಲ್ಕು ದಶಕವಾಗುತ್ತ ಬಂದರೂ ಔಷಧಿಯ ಬಾಟಲಿ ಮಾತ್ರ ಬದಲಾಗಿಲ್ಲ. ಇದು ನನಗೆ ನೋವಿನ ಸಂಗತಿ.

ಏಕೆಂದರೆ ಈ ಹಾವಿನಿಂದ ಲೋಕ ಪಡೆದದ್ದು ಕಡಿಮೆಯಲ್ಲ. ಪದೇಪದೇ ಗರ್ಭಪಾತವಾಗುವ ಹೆಣ್ಣುಮಕ್ಕಳಿಗೆ ರಕ್ತದಲ್ಲಿನ ಒಂದು ದೋಷವನ್ನು ಪತ್ತೆ ಮಾಡಲು ಇವತ್ತು ಮಾಡಿಸುವ ಪರೀಕ್ಷೆಯಲ್ಲಿ ಬಳಸುವುದು ತೆಳುವಾಗಿಸಿದ ಮಂಡಲದ ವಿಷವನ್ನೇ. ಪೆರುಮಾಳ್ ತ್ಯಾಗರಾಜನ್ ಮತ್ತು ಸಂಗಡಿಗರು 1986ರಲ್ಲಿ ರೂಪಿಸಿದ ವಿಧಾನ ಅದು. ಈ ವಿಷ ಎಬ್ಬಿಸುವ ಹತ್ತನೆಯ ಫ್ಯಾಕ್ಟರಿನ ಬಾಯಿ ಕಟ್ಟುವ ರಿವರೋಕ್ಸಬಾನ್ ಮಾತ್ರೆ 2008ರಿಂದ ಬಳಕೆಯಲ್ಲಿದೆ. ಕಾಲಿನ ನಾಳದಲ್ಲಿ ಗಡ್ಡೆಕಟ್ಟಿದವರಿಗೆ, ಹೃದಯದ ಬಡಿತ ತಪ್ಪಿ ಪಾರ್ಶ್ವವಾಯುವಿನ ಭಯ ಇರುವವರಿಗೆ ವೈದ್ಯರು ಬರೆದುಕೊಡುತ್ತಾರೆ. ಇನ್ನೊಂದು ಕಡೆ, 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ವರ್ಷಕ್ಕೆ 58,000. ಬಹುಪಾಲು ಹಳ್ಳಿಯವರು, ದುಡಿಯುವ ವಯಸ್ಸಿನವರು ಬಹಳ. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಕಡೆಗಣಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಇದನ್ನು ಅಧಿಸೂಚಿತ ರೋಗವೆಂದು ಘೋಷಿಸಿ, ಖಾಸಗಿಯೂ ಸೇರಿ ಪ್ರತಿ ಆಸ್ಪತ್ರೆಯೂ ಪ್ರಕರಣವನ್ನು ವರದಿ ಮಾಡಬೇಕೆಂದಿತು. ಒಳ್ಳೆಯ ಹೆಜ್ಜೆ. ಮುಂದಿನ ಹೆಜ್ಜೆ ನಮ್ಮ ನೆಲದ ಹಾವಿನ ವಿಷದಿಂದ ನಮ್ಮ ಜನಕ್ಕೆ ಮದ್ದು. ಇದನ್ನು ಕೇಳುವ ಹಕ್ಕು ಹೊಳೆನರಸೀಪುರದ, ಅರಕಲಗೂಡಿನ, ಚನ್ನರಾಯಪಟ್ಟಣದ ರೈತರಿಗೆ ಇದೆ, ಕೇಳಬೇಕು.

ಅಲ್ಲಿಯವರೆಗೆ ಇರುವ ಮದ್ದೇ ಜೀವ ಉಳಿಸುವ ಮದ್ದು, ಅದೂ ಬೇಗ ಸಿಕ್ಕರೆ. ರಾತ್ರಿ ಗದ್ದೆಗೆ ನೀರು ತಿರುಗಿಸಲು ಹೋಗುವಾಗ ಬ್ಯಾಟರಿ, ಗಂಬೂಟು ಮರೆಯಬೇಡಿ. ಮೆದೆಗೆ, ಸಿಪ್ಪೆಯ ರಾಶಿಗೆ ಬರಿಗೈ ಹಾಕಬೇಡಿ. ಕಡಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಸೊಪ್ಪಿನ ಮದ್ದಿಗೆ ಹೊತ್ತು ಕಳೆಯಬೇಡಿ. ಕಡಿದ ಕಾಲು ಅಲ್ಲಾಡದ ಹಾಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಸೀದಾ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ.